ಆ ಎಲೆಕ್ಟ್ರಿಷಿಯನ್ ಹೆಸರು ಮರ್ತೋಗಿದೆ

ಅಯ್ಯಯ್ಯೋ, ಅದನ್ನ ಮುಟ್ಟಬೇಡಿ ಮಾಸ್ತಪ್ಪನೋರೆ! ಆ ಸ್ಟೀಮರೇ ಸುಮನಾಗೆ ಶಾಕ್ ಹೊಡೆದಿದ್ದು! ಓ... ಮೇನ್ ಆಫ್ ಮಾಡಿದೀರಾ? ಯಾವಾಗ? ನಾನು ನೋಡ್ಲೇ ಇಲ್ಲ. ಸರಿ ಬಿಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನಿಗೆ ನಾನೆಂತ ಹೇಳೋದು. ಅದಕ್ಕೇ ಅಲ್ವಾ ನಿಮ್ಮನ್ನ ಸಾಗರದಿಂದ ಈ ಹೊಸನಗರಕ್ಕೆ ಕರೆಸಿದ್ದು. ಎಂಟು ವರ್ಷ ಆಯ್ತು ಈ ಪಾರ್ಲರ್ ಶುರು ಮಾಡಿ. ಬಸ್ ಸ್ಟ್ಯಾಂಡಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಜಿನಮತಿ ಕೈಲಿ ಹುಬ್ಬು ತೆಗೆಸಿಕೊಂಡೋರು ಒಬ್ಬರೂ ಒಂದು ಕೂದಲು ಹೆಚ್ಚುಕಮ್ಮಿ ಅಂದೋರಿಲ್ಲ. ಈಗ ನೋಡಿ... ಕರೆಂಟ್ ಪಾರ್ಲರ್ ಅಂತ ಹೆಸರಿಟ್ಟಿದಾರೆ!

ಎಂತಾಯ್ತು ಅಂತೀರಾ? ಮೂರು ವಾರದ ಹಿಂದೆ. ಮಾರನೇ ದಿನ ಸುಮನಾ ನಿಶ್ಚಿತಾರ್ಥ. ಮುಖಕ್ಕೆ ಹಸಿರು ಪ್ಯಾಕ್ ಹಾಕಿ, ತಲೆಗೆ ಈ ಸ್ಟೀಮರ್ ಇಟ್ಟು ಕೂರಿಸಿದ್ದು. ಆ ಹುಡುಗಿ ಆರಾಮಾಗಿ ಕೈ ಚಾಚಿ ಸ್ಟೀಮರಿನ ಈ ಸ್ಟೀಲ್ ರಾಡ್ ಹಿಡ್ಕೊಂಡ್ಲು ನೋಡಿ... ಅಬ್ಬಾ! ಎಂತ ಕಿರುಚು ಮಾರಾಯ್ರೆ! ಕುರ್ಚಿಯಿಂದ ಹಾರಿದೋಳು ಸೀದಾ ರಸ್ತೆಗೆ. ಹಸಿರು ಮುಖ, ಎದ್ದು ನಿಂತ ಕೂದಲು, ಕುತ್ತಿಗೆಗೆ ಟವೆಲ್ಲು! ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಹೆದರಿ ಎರಡು ಸಲ ಸೀಟಿ ಊದಿದ. ಡ್ರೈವರ್ ರೈಟ್ ಅಂದ್ಕೊಂಡು ಬಸ್ ಬಿಟ್ಟೇಬಿಟ್ಟ, ಅರ್ಧ ಜನ ಕೆಳಗೇ!

ನಗ್ತೀರಾ? ನಗಬೇಡಿ. ನಾನು ಮೂರು ವಾರದಿಂದ ನಕ್ಕಿಲ್ಲ.

ಸುಮನಾ ಹುಷಾರಾಗಿದಾಳೆ, ಅದೊಂದು ಪುಣ್ಯ. ನಿಶ್ಚಿತಾರ್ಥಾನೂ ಆಯ್ತು. ತಪ್ಪು ಯಾರದು ಅಂದ್ರೆ... ಶ್ರಾವ್ಯಾದು. ನನ್ನ ಪಾರ್ಟ್ನರ್ರು. ಪಾರ್ಲರ್ ಶುರು ಮಾಡಿದ್ದೇ ಇಬ್ರೂ ಸೇರಿ. ಒದ್ದೆ ಕೈಲಿ ಸ್ವಿಚ್ ಹಾಕಿದ್ಲು. ಒದ್ದೆ ಕೈ ಅಂದ್ರೆ... ಹಾಗೇ ಇರ್ಬೇಕು. ಈಗ ತೀರ್ಥಹಳ್ಳೀಲಿ ಅಕ್ಕನ ಮನೇಲಿದಾಳೆ. ಫೋನಿಲ್ಲ, ಮೆಸೇಜಿಲ್ಲ.

ಎಂತ? ಪ್ಲಗ್ಗಾ? ಮೇಲಿನ ದಪ್ಪ ಪಿನ್ನು... ಇಲ್ಲ, ಅದು ಮೊದಲಿಂದ್ಲೂ ಇರ್ಲಿಲ್ಲ. ಅರ್ಥಿಂಗಾ? ನಂಗೆ ಅರ್ಥ ಆಗ್ಲಿಲ್ಲ. ಹಾಂ... ಹಾಂ... ಮಿಷಿನ್ ಮೈಗೆ ಕರೆಂಟ್ ಬಂದ್ರೆ ಆ ಪಿನ್ನಿಂದ ಸೀದಾ ನೆಲಕ್ಕೆ ಹೋಗುತ್ತಾ? ಪಿನ್ ಇಲ್ದೇ ಇದ್ರೆ? ಮುಟ್ಟಿದೋರ ಮೂಲಕ... ಅಯ್ಯೋ ದೇವರೇ! ಸುಮನಾ ಮೂಲಕ ಹೋಯ್ತಾ!

ಮತ್ತೆ... ಮತ್ತೆ ಇನ್ನೂ ಜೋರಾಗಿ ಹೊಡೆದಿದ್ರೆ? ಹೇಳಬೇಡಿ. ಮುಖ ನೋಡಿದ್ರೆ ಗೊತ್ತಾಗುತ್ತೆ.

ಕತ್ತರಿಸಿದ ಗುರುತಾ? ಇರಬಹುದು, ಇರಬಹುದು. ಇಲ್ಲಿನ ಸಾಕೆಟ್ಟಿಗೆ ಎರಡೇ ತೂತು, ಪ್ಲಗ್ಗಿಗೆ ಮೂರು ಕಾಲು, ಹಾಗಾಗಿ... ಆ ಎಲೆಕ್ಟ್ರಿಷಿಯನ್ನೇ ಕತ್ತರಿಸಿರ್ಬೇಕು. ಹೌದು! ಹೋದ ವರ್ಷ ಒಬ್ಬ ಬಂದಿದ್ದ. ಹೆಸರು ಮರ್ತೋಗಿದೆ. ಉದ್ದಕ್ಕಿದ್ದ. ತುಂಬಾ ಉದ್ದ. ಸ್ಟೂಲ್ ಹಾಕ್ಕೊಂಡು ಬೋರ್ಡ್ ಬಿಚ್ಚಿದ. ಎಂತ? ಅಷ್ಟುದ್ದ ಇದ್ರೆ ಸ್ಟೂಲ್ ಯಾಕಾ? ಅಂದ್ರೆ... ಮಧ್ಯಮ ಉದ್ದ. ಮೀಸೆ ಇತ್ತು. ಆನಂದಪುರದೋನೋ, ಅರಳಸುರಳಿಯೋನೋ... ಮಾಸ್ಕ್ ಹಾಕಿದ್ದ, ಮುಖ ಸರಿ ಕಾಣ್ಲಿಲ್ಲ. ಮೀಸೆನಾ? ಮಾಸ್ಕಿಂದ ಆಚೆ ಬಂದಿತ್ತು ಮಾರಾಯ್ರೆ, ಅಷ್ಟು ದೊಡ್ಡ ಮೀಸೆ!

ಮೊಬೈಲ್ ಯಾಕೆ ತೆಗೆದ್ರಿ? ವಾಟ್ಸಾಪ್ ಗ್ರೂಪಾ? ಸಾಗರ, ಹೊಸನಗರ, ತೀರ್ಥಹಳ್ಳಿ... ಮೂರೂ ತಾಲೂಕಿನ ಎಲೆಕ್ಟ್ರಿಷಿಯನ್ಸ್ ಇದಾರಾ ಅದ್ರಲ್ಲಿ? ಬೇಡ ಬೇಡ, ಕೇಳಬೇಡಿ! ಪಾಪ, ಅವನ ಹೊಟ್ಟೆಪಾಡು. ನೀವು ಕೆಲಸ ನೋಡಿ. ಚಾ ಮಾಡ್ಲಾ? ಕಷಾಯ? ಅಲ್ಲ, ಆ ಫ್ಯೂಸ್ ಬಿಚ್ಚೋದೇನೂ ಬೇಡ, ಅದು ಚೆನ್ನಾಗಿದೆ. ಆರು ತಿಂಗಳಿಂದ ಒಂದು ಸಲಾನೂ ಹೋಗಿಲ್ಲ. ಅದನ್ನ ಬಿಟ್ಟು ಬೇರೆ ಎಲ್ಲಾ...

ಬಿಚ್ಚಿದ್ರಾ.

ಎಂತದು ಕೈಲಿ? ದೂರಕ್ಕೆ ಕಾಣಲ್ಲ ನಂಗೆ. ತಂತಿ ಇರ್ಬೇಕು. ಕಪ್ಪಗಿದೆಯಾ... ಬಗ್ಗಿದೆಯಾ... ಹೇರ್‌ಪಿನ್ನಾ?

ಛೆ ಛೆ ಛೆ! ಎಂಥಾ ಎಲೆಕ್ಟ್ರಿಷಿಯನ್ ನೋಡಿ ಅವನು! ಫ್ಯೂಸ್ ತಂತಿ ಹಾಕೋ ಜಾಗದಲ್ಲಿ ಹೇರ್‌ಪಿನ್ ಹಾಕಿ ಹೋಗಿದಾನೆ! ಅವನಿಗೂ ಉದ್ದ ಕೂದಲಿತ್ತು... ಜುಟ್ಟು... ಜುಟ್ಟು ಕಟ್ಟಿದ್ದ...

ಎಂತಾದ್ರೂ ಮಾತಾಡಿ ಮಾಸ್ತಪ್ಪನೋರೆ.

ಬೈದುಬಿಡಿ ಬೇಕಾದ್ರೆ. ಹಾಗೆ ಸುಮ್ನೆ ಅಂಗೈ ಮೇಲೆ ಅದನ್ನ ಇಟ್ಕೊಂಡು ನಿಲ್ಲಬೇಡಿ. ನನ್ನ ತಲೆ ಕಡೆ ಯಾಕೆ ನೋಡ್ತೀರಾ? ಎಲ್ಲಾ ಪಾರ್ಲರಲ್ಲೂ ಇದೇ ಥರದ ಪಿನ್ನು... ಹೌದು. ನಂದೇ. ಆಯ್ತಾ? ಮೀಸೆನೂ ಇಲ್ಲ, ಜುಟ್ಟೂ ಇಲ್ಲ, ಯಾವ ಎಲೆಕ್ಟ್ರಿಷಿಯನ್ನೂ ಬಂದಿರ್ಲಿಲ್ಲ!

ಮದುವೆ ಸೀಸನ್ನು ಮಾರಾಯ್ರೆ. ಸ್ಟೀಮರ್, ಡ್ರೈಯರ್, ಗೀಸರ್ ಎಲ್ಲಾ ಒಟ್ಟಿಗೆ. ದಿನಕ್ಕೆ ಮೂರು ಸಲ ಫ್ಯೂಸ್ ಹೋಗೋದು. ಒಬ್ಬಳು ಮದುಮಗಳು ಅರ್ಧ ತಲೆ ಗುಂಗುರು, ಅರ್ಧ ತಲೆ ನೆಟ್ಟಗೆ ಮಾಡ್ಕೊಂಡು ಅಳ್ತಾ ಕೂತಿದ್ಲು. ತಂತಿ ಸಿಗ್ಲಿಲ್ಲ. ಆವತ್ತೊಂದು ದಿನಕ್ಕೆ ಅಂತ ಈ ಪಿನ್ನು ಸಿಕ್ಕಿಸಿದೆ. ಆಮೇಲೆ ಹೋಗ್ಲೇ ಇಲ್ಲ ಅಲ್ವಾ, ಖುಷಿಯಾಯ್ತು! ಪ್ಲಗ್ಗಿನ ಪಿನ್ನೂ ನಾನೇ ಕೊಯ್ದಿದ್ದು. ಫ್ಯೂಸ್ ಹೋಗೋದೇ ನಮ್ಮನ್ನ ಉಳಿಸೋಕೆ ಅಂತ ನಂಗೆಲ್ಲಿ ಗೊತ್ತು? ಒಳಗೆ ವೈರ್ ಕಾದು, ಮೇಲಿನ ಪ್ಲಾಸ್ಟಿಕ್ ಕರಗಿ, ತಂತಿ ಮಿಷಿನ್ ಮೈಗೆ ತಾಗಿದ್ದೂ ಗೊತ್ತಾಗ್ಲಿಲ್ಲ. ಶ್ರಾವ್ಯಾ ಹೇಳಿದ್ಲು... ಎರಡು ಸಲ ಹೇಳಿದ್ಲು, ಸುಟ್ಟ ವಾಸನೆ ಬರುತ್ತೆ, ಯಾರನ್ನಾದ್ರೂ ಕರೆಸು ಅಂತ. ಸುಟ್ಟ ಕೂದಲಿನ ವಾಸನೆ ಕಣೆ ಅಂದೆ ನಾನು.

ಆವತ್ತು ಸುಮನಾ ಅಮ್ಮ ಓಡಿ ಬಂದು, ಯಾರು ಮಾಡಿದ್ದು ಇದು ಅಂತ ಕೇಳಿದ್ರು. ರಸ್ತೆ ತುಂಬಾ ಜನ. ನನ್ನ ಬೆರಳು ತಾನಾಗೇ ಶ್ರಾವ್ಯಾ ಕಡೆ ಹೋಯ್ತು. ಅವಳ ಕೈ ಒಣಗೇ ಇತ್ತು ಮಾಸ್ತಪ್ಪನೋರೆ. ತನ್ನ ಕತ್ತರಿ ತಗೊಂಡ್ಲು, ಚಪ್ಪಲಿ ಹಾಕ್ಕೊಂಡ್ಲು, ಹೋದ್ಲು.

ಈಗ್ಲೇನಾ? ಅವಳಿಗೆ ಫೋನಾ? ನೀವು ವೈರ್ ಎಳೆಯೋದು ಎಳೀರಿ, ಆಮೇಲೆ... ಆಯ್ತು. ಆಯ್ತು ಮಾರಾಯ್ರೆ, ಹಾಗೆ ನೋಡಬೇಡಿ. ಮಾಡ್ತೀನಿ.

ರಿಂಗಾಗ್ತಿದೆ... ಎತ್ತಲ್ಲ ಬಿಡಿ ಅವಳು... ಹಲೋ? ಶ್ರಾವ್ಯಾ? ಇಡಬೇಡ, ಇಡಬೇಡ ಕಣೆ! ನಂದೇ ತಪ್ಪು. ಪೂರ್ತಿ ನಂದೇ. ಫ್ಯೂಸಿಗೆ ಹೇರ್‌ಪಿನ್ ಹಾಕಿದ್ದೆ... ಹೇರ್‌ಪಿನ್ ಕಣೆ... ನಗು, ನಗು, ಎಷ್ಟು ಬೇಕಾದ್ರೂ ನಗು... ಅಳ್ತಿದೀಯಾ? ಅಳಬೇಡ್ವೇ... ಸುಮನಾ ಅಮ್ಮಂಗಾ? ಹೇಳ್ತೀನಿ. ಅವರ ಮನೆಗೇ ಹೋಗಿ ಹೇಳ್ತೀನಿ. ಇವತ್ತೇ. ಆಮೇಲೆ ಬರ್ತೀಯಾ? ಯೋಚನೆ ಮಾಡು. ಹೂಂ... ಹೂಂ, ಲೈಸೆನ್ಸ್ ಇರೋರೇ ಬಂದಿದಾರೆ, ಸಾಗರದೋರು. ಇಲ್ಲೇ ನಿಂತಿದಾರೆ.

ಬೈದ್ರಾ ಅಂತೀಯಾ? ಇಲ್ಲ ಮಾರಾಯ್ತಿ! ಒಂದು ಮಾತು ಬೈದಿದ್ರೆ ನಾನು ಬಾಯಿ ಬಿಡ್ತಾನೇ ಇರ್ಲಿಲ್ಲ.