ಡೆಲ್ಲಿಯಲ್ಲಿರುವ ಅಮ್ಮ

ಗೋಧಿ ಬೀಸುತ್ತಿರುವಾಗಲೇ ಕರೆಂಟು ಹೋಗಿ ಗಣಪತಿಯ ಹಿಟ್ಟಿನ ಗಿರಣಿ ನಿಂತಿತು. ಆ ಮೌನದಲ್ಲಿ ಸುಪ್ರೀತಾಳಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ತಲೆಮಾರುಗಳಿಂದ ಈ ತಮಿಳು ಊರಲ್ಲೇ ನೆಲೆಸಿದ ಕನ್ನಡ ಮನೆಗಳವರು ಬೀದಿಗೆ ತಿಳಿಯಬಾರದ್ದನ್ನು ಮನೆಮಾತಿನಲ್ಲಿ ಆಡುತ್ತಾರೆ. ಇಬ್ಬರು ಹೆಂಗಸರ ನಡುವೆ, ಜಡೆಯ ರಿಬ್ಬನ್ ಬಿಚ್ಚಿಹೋದ ಆರೇಳು ವರ್ಷದ ಹುಡುಗಿ ನಿಂತಿದ್ದಳು.

“ಡೆಲ್ಲಿ ಟೂರಿಗೆ ಇವಳನ್ನೂ ಕರ್ಕೊಂಡು ಹೋಗ್ತೀಯಾಕ್ಕಾ?”

“ಬಿಟ್ಟೋದ್ರೆ ಯಾರು ನೋಡ್ಕೊತಾರೆ? ಇವಳಪ್ಪ, ನನ್ನ ತಮ್ಮ ಬೇರೆ, ಅಮ್ಮ ಡೆಲ್ಲಿಲವ್ಳೆ ಅಂತ ಇವಳಿಗೆ ಸುಳ್ಳು ಹೇಳಿಬುಟ್ಟವ್ನೆ.”

“ಅಯ್ಯೋ! ಅಲ್ಲೋಗಿ ಅಮ್ಮ ಎಲ್ಲಿ ಅಂದ್ರೆ?”

“ಕೆಂಪು ಕೋಟೆ ತೋರಿಸಿ, ಒಳಗವ್ಳೆ, ಪೊಲೀಸ್ ಬಿಡಲ್ಲ ಅಂತೀನಿ.”

“ಟಿಕೆಟ್ ತಗೊಂಡ್ರೆ ಬಿಡ್ತಾರಲ್ಲಕ್ಕಾ!”

“ಹಂಗಾದ್ರೆ ಕುತುಬ್ ಮಿನಾರ್ ಮೇಲವ್ಳೆ ಅಂತೀನಿ. ಅಲ್ಲಿಗೆ ಯಾರನ್ನೂ ಹತ್ತಿಸಲ್ಲ.”

ಇಬ್ಬರೂ ನಕ್ಕರು.

“ಮೆಲ್ಲಗೆ ಅಕ್ಕಾ, ಕೂಸು ಕೇಳಿಸ್ಕೊಳ್ತದೆ.”

“ಕೇಳಲಿ ಬಿಡು. ತಮಿಳ್ನೋಳು ಹೆತ್ತ ಕೂಸಿಗೆ ನಮ್ಮ ಮಾತು ಎಲ್ಲಿ ಬರ್ತದೆ? ಅವಳನ್ನ ಮಣ್ಣು ಮಾಡಿ ಎಂಟು ತಿಂಗಳಾತು, ಒಂದು ಪದ ಕಲ್ತಿಲ್ಲ ಇದು.”

ಕರೆಂಟು ಬರುವಂತೆ ಕಾಣಲಿಲ್ಲ. ಅಕ್ಕ ಡಬ್ಬಿ ಎತ್ತಿಕೊಂಡು ಹೊರಟಳು. ಮೆಟ್ಟಿಲಲ್ಲಿ ಹುಡುಗಿ ಅವಳ ಸೆರಗು ಹಿಡಿದೆಳೆದು, ತೊದಲದ ಕನ್ನಡದಲ್ಲಿ ಕೇಳಿದಳು:

“ಅತ್ತೆ, ಅಮ್ಮನ್ನ ಎಲ್ಲಿ ಮಣ್ಣು ಮಾಡಿದ್ರಿ?”