ಮೀನಿನ ತೊಟ್ಟಿಗೆ ಕುರಿಗೊಬ್ಬರ

ಜಗಳೂರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಸೊಕ್ಕೆಯ ವೃದ್ಧರೊಬ್ಬರೂ ಅವರ ಸೊಸೆಯೂ ದಾವಣಗೆರೆಯ ಬಸ್ಸಿಗಾಗಿ ಕಾಯುತ್ತಿದ್ದರು. ಸೊಸೆಯ ಮಡಿಲಲ್ಲಿ ಖಾಲಿ ಚೀಲವಿತ್ತು.

“ತೊಟ್ಟಿ ಗಿಡ ಹಳದಿ ತಿರುಗಿದ್ವು ಅಂಬಿಕಾ. ನೀನು ತವರಿಂದ ಬರೋದ್ರೊಳಗೆ ಹಸಿರಾಗ್ಲಿ ಅಂತ ಮರಳಿನ ಕೆಳಗೆ ಎರಡು ಬೊಗಸೆ ಕುರಿಗೊಬ್ಬರ ಹಾಕಿದೆ.”

“ಅದು ಗಾಜಿನ ತೊಟ್ಟಿ ಮಾವ, ಮೆಕ್ಕೆಜೋಳದ ಹೊಲ ಅಲ್ಲ.”

“ಹೊಲಕ್ಕೆ ಅದಕ್ಕಿಂತ ಒಳ್ಳೇದು ಯಾವುದೈತೆ?”

“ಹೊಲದಾಗೆ ಮೀನು ಇರಲ್ಲ.”

ವೃದ್ಧರು ತಮ್ಮ ತೋರುಬೆರಳನ್ನು ನೋಡಿಕೊಂಡರು.

“ಆ ಕೆಂಪು ಮೀನು ನನ್ನ ಬೆರಳು ಕಂಡ್ರೆ ಮೇಲಕ್ಕೆ ಬರ್ತಿತ್ತು. ಆವತ್ತೂ ಬಂದು ಬಾಯಿ ಬಿಡ್ತು. ಉಸಿರಿಗೆ ಅಂತ ತಿಳೀಲಿಲ್ಲ. ಹಸಿವು ಅಂದ್ಕೊಂಡು ತಿನ್ನಾಕೆ ಹಾಕಿದೆ.”

“ಅದನ್ನ ನೀವು ಹೇಳೇ ಇರಲಿಲ್ಲ.”

“ಹೆಂಗೆ ಹೇಳ್ಲಿ? ಏಳಕ್ಕೆ ಏಳೂ ಹೋದ್ವು. ಈಗ ದಾವಣಗೆರೆಯಿಂದ ತರೋ ತೊಟ್ಟಿ ಮಣ್ಣಿನಾಗೂ ಸತ್ವ ಐತೆ ಅಂತೀಯಲ್ಲ?”

“ಐತೆ. ನೀರು ಕೆಡಿಸದಂಗೆ ಮೆಲ್ಲಗೆ ಬೇರಿಗೆ ಬಿಡ್ತೈತಂತೆ. ಮೊದಲು ಗಿಡ ಹತ್ತಲಿ, ಮೀನು ಆಮೇಲೆ.”

“ನೀನೇ ಹಾಕವ್ವ. ನಾನಂತೂ ಆ ತೊಟ್ಟಿಗೆ ಕೈ ಹಾಕಲ್ಲ.”

ಬಸ್ಸು ಬಂದಿತು. ಸೊಸೆ ಎದ್ದು ಚೀಲವನ್ನು ಅವರ ಕೈಗಿತ್ತಳು.

“ಹಿಡ್ಕಳ್ರಿ ಮಾವ. ಗಿಡ ಊರೋರು ನೀವೇ. ನಾನು ಪಕ್ಕದಾಗೆ ಕುಂತಿರ್ತೀನಿ.”

ವೃದ್ಧರು ಚೀಲವನ್ನು ನಾಲ್ಕು ಮಡಿಕೆ ಮಡಚಿ, ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದರು.