ಗದ್ದಕ್ಕೆ ಕಟ್ಟಿದ ಪಟ್ಟಿ

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಡೆದ ಬಂದ್ ಮುಗಿದು ಬಸ್ಸುಗಳು ಮತ್ತೆ ಓಡತೊಡಗಿದ ಬೆಳಿಗ್ಗೆ, ಜಹೀರಾಬಾದ್ ನಿಲ್ದಾಣದಲ್ಲಿ ಕುಳಿತಿದ್ದ ಶಿವಕಾಂತಾಳ ಕಿವಿ ಪಕ್ಕದ ಬೆಂಚಿನ ಗಂಡಹೆಂಡಿರ ಮಾತಿಗೆ ತಾನಾಗಿ ನಿಮಿರಿತು.

“ಗೊರಕಿ ನಿಲ್ಲಲಿ ಅಂತ ಮೂಗಿಗಿ ಗಾಳಿ ಮಷಿನ್ ಹಾಕ್ಕೊಂಡು ಬಾಯಿ ತೆರದು ಮಲಗಿದ್ರ ಗಾಳಿ ಎಲ್ಲಾ ಹೊರಗ ಹೋಗ್ತದ್ರಿ. ಅದಕ್ಕೇ ಡಾಕ್ಟರ್ ಗದ್ದಕ್ಕ ಪಟ್ಟಿ ಕಟ್ಟು ಅಂದಾರ. ನಾ ಕರಿ ಬಟ್ಟಿದು ಹೊಲದು ಕೊಟ್ರ, ರಾತ್ರಿ ಬಿಚ್ಚಿ ಒಗದೀರಿ!”

“ರೂಢಿ ಆಗ್ಲಿ ಅಂತ ನಿನ್ನಿ ಮಧ್ಯಾಹ್ನ ತೆಲಂಗಾಣ ಧರಣಿ ಟೆಂಟಿನ್ಯಾಗೂ ಕಟ್ಕೊಂಡು ಮಲಗಿದ್ದೆ. ಪಟ್ಟಿ ಜಾರಿ ಬಾಯಿ ಮ್ಯಾಲ ಬಂದದ.”

“ಬಂದ್ರೇನಾತು?”

“ಎದ್ದು ನೋಡಿದ್ರ ಎಲ್ಲಾರೂ ಬಾಯಿಗಿ ಕರಿ ಬಟ್ಟಿ ಕಟ್ಕೊಂಡು ಕುಂತಾರ! ನಾ ಮೌನ ಧರಣಿ ಶುರು ಮಾಡೀನಿ ಅಂತ ತಿಳ್ಕೊಂಡಾರ.”

“ಖರೇ ಹೇಳಬೇಕಿಲ್ಲೇನ್ರಿ?”

“ಹ್ಯಾಂಗ ಹೇಳ್ಲಿ? ಆಗಲೇ ಕೊರಳಿಗಿ ಹಾರ ಬಿದ್ದಿತ್ತು. ಪೇಪರ್‌ದವರು ಫೋಟೋ ತಗದ್ರು. ಈಗ ಆ ಪಟ್ಟಿ ಕಟ್ಟಿದ್ರ ನಗಿ ಬರ್ತದ, ನಕ್ಕರ ಬಾಯಿ ತೆರೀತದ!”

ನಾರಾಯಣಖೇಡದ ಬಸ್ಸು ಬಂತು. ಹೆಂಡತಿ ಚೀಲ ಎತ್ತಿಕೊಂಡಳು.

“ತೆಲಂಗಾಣ ಬರೋ ತನಕ ಬಿಚ್ಚಬ್ಯಾಡ್ರಿ.”

“ಬಂದ ಮ್ಯಾಲ?”

“ಬಂದ ಮ್ಯಾಲೂ ಬಾಜೂಕ ಮಲಗಾಕಿ ನಾನೇ ಅಲ್ರಿ!”